ಅತ್ತೆಯ ಹಲ್ಲಿಗೆ ಮೈಲುತುತ್ತ

ಮೊನ್ನೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ನನ್ನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಪಡಸಾಲೆಯಲ್ಲಿ ಕೂತ ಬೀಗರಿಗೂ ಕೇಳುವಂತೆ, "ಆಯೀ, ನಿನ್ನ ಹಲ್ಲಿನ್ಯಾಗ ಡಾಂಬರ ಐತಿ" ಎಂದು ಸಾರಿದಳು. ನಾನು ಸೆರಗು ಬಾಯಿಗೆ ಹಿಡಿದುಕೊಂಡು ಅಡಿಗೆಮನೆ ಸೇರಿದೆ. ನಾಲ್ಕು ಜನರ ಎದುರು ಬಾಯಿ ಬಿಡುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಬರೆಯುವುದು ಮಾತ್ರ ಬರುತ್ತದೆ; ಅದು ನಮ್ಮೂರ, ಸರಕಾರದ್ದಲ್ಲದ ಖಾನಗಿ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿಸಿದ ಮಾಸ್ತರರ ಪುಣ್ಯ. ಹಾಗಾಗಿ ಬರೆದು ಹೇಳುತ್ತೇನೆ, ಓದಿಕೊಳ್ಳಿರಿ.

ಅದು ಡಾಂಬರಲ್ಲ. ನಿಮ್ಮ ಅಜ್ಜನ ಕೈಕೆಲಸ. ಅಂಥದೇ ಇನ್ನೊಂದು ಇದಕ್ಕೂ ಮೊದಲು ನನ್ನ ಅತ್ತೆಯ ಬಾಯಲ್ಲಿತ್ತು, ಅದೂ ಊರಿಗೆಲ್ಲ ಕಾಣುವ ಮುಂದಿನ ಹಲ್ಲಿನಲ್ಲಿ. ಅದು ಅಲ್ಲಿಗೆ ಹೇಗೆ ಬಂತು, ಬಂದಮೇಲೆ ಎಂಥ ರಂಪವಾಯಿತು ಎಂಬುದನ್ನು ನಿಮ್ಮ ಅಜ್ಜ ಬದುಕಿರುವವರೆಗೆ ಹೇಳಲು ಬಿಡಲಿಲ್ಲ. ಈಗ ತಡೆಯುವವರಿಲ್ಲ.

ನಾನು ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ಕೊಪ್ಪಳದ ಪಕ್ಕದ ಈ ಭಾಗ್ಯನಗರಕ್ಕೆ ಸೊಸೆಯಾಗಿ ಬಂದಾಗ ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿತ್ತು. ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ ಎಂಬುದರಿಂದ ಮಾತ್ರ ಅದು ನಮಗೆ ಗೊತ್ತಾಗುತ್ತಿತ್ತು. ಒಂದೂವರೆ ಖೋಲಿಯ ಮನೆ. ಅದರಲ್ಲಿ ಅತ್ತೆ, ನಿಮ್ಮ ಅಜ್ಜ, ಒಂದು ಬೆಕ್ಕು, ಮತ್ತು ಅತ್ತೆಯ ಹಲ್ಲು. ಹಲ್ಲನ್ನು ಬೇರೆ ಎಣಿಸಿದ್ದು ಯಾಕೆಂದರೆ ಆ ಮನೆಯಲ್ಲಿ ಅದರ ಮಾತು ನಡೆದಷ್ಟು ನಿಮ್ಮ ಅಜ್ಜನ ಮಾತು ನಡೆಯುತ್ತಿರಲಿಲ್ಲ.

ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಕೌದಿ ಹೊಲಿದು ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಹಳೆಯ ಸೀರೆ, ಹರಿದ ಧೋತರ ಏನೇ ಕೊಟ್ಟರೂ ಪದರು ಪದರಾಗಿ ಹಾಸಿ, ಇರುವೆಯ ಸಾಲಿನಂಥ ಹೊಲಿಗೆ ಹಾಕುತ್ತಿದ್ದಳು. ಕೂಸು ಹುಟ್ಟಿದ ಮನೆಯವರು ಕೊಪ್ಪಳದಿಂದ, ಒಮ್ಮೊಮ್ಮೆ ಯಲಬುರ್ಗಿಯಿಂದಲೂ ಹಳೆಯ ಸೀರೆಯ ಗಂಟು ಹೊತ್ತುಕೊಂಡು ಬರುತ್ತಿದ್ದರು. ಗಂಡನಿಲ್ಲದವಳ ಮೋರೆ ಶುಭಕಾರ್ಯದಲ್ಲಿ ಯಾರಿಗೂ ಬೇಡ, ಅವಳ ಕೌದಿ ಎಲ್ಲರಿಗೂ ಬೇಕು. ಇದರಲ್ಲಿ ಏನೋ ತಪ್ಪಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ನನಗೂ ಆಗ ಅನ್ನಿಸಿರಲಿಲ್ಲ.

ಆ ಕೌದಿಗೆ ಒಂದು ಕಟ್ಟಳೆ ಇತ್ತು. ಕೂಸಿನ ಕೌದಿಗೆ ಕತ್ತರಿ ತಾಗಿಸಬಾರದು. ಬಟ್ಟೆಯನ್ನು ಕೈಯಿಂದ ಹರಿಯಬೇಕು, ದಾರವನ್ನು ಹಲ್ಲಿನಿಂದ ಕಡಿಯಬೇಕು. ಹೊಲಿದವಳ ಎಂಜಲು ತಾಗಿದ ಕೌದಿ ಹೊದ್ದ ಕೂಸಿಗೆ ಯಾವ ಕೆಟ್ಟ ಕಣ್ಣೂ ತಾಗುವುದಿಲ್ಲ ಎಂಬುದು ನಂಬಿಕೆ. ಅತ್ತೆಯ ಬಾಯಲ್ಲಾದರೋ ಒಂದರ ಮೇಲೊಂದು ಸರಿಯಾಗಿ ಕೂಡುವ ಹಲ್ಲಿನ ಜೋಡಿ ಉಳಿದದ್ದು ಒಂದೇ, ಮುಂದುಗಡೆ, ಎಡಕ್ಕೆ. ಅದರಲ್ಲಿ ಮೇಲಿನ ಹಲ್ಲು ತೂತು ಬಿದ್ದಿತ್ತು. ಅದು ಹೋದರೆ ದಾರ ಹೋಯಿತು, ದಾರ ಹೋದರೆ ಕೌದಿ ಹೋಯಿತು, ಕೌದಿ ಹೋದರೆ ಅತ್ತೆ ಉಪ್ಪಿಗೂ ಮಗನ ಮುಂದೆ ಕೈ ಚಾಚಬೇಕು. ಕಿತ್ತಿಸಿಕೊ ಎಂದು ಯಾರಾದರೂ ಅಂದರೆ, "ಹೆಣದ ಬಾಯಾಗಿಂದ ಕಿತ್ತುಕೊಳ್ರಿ" ಎನ್ನುತ್ತಿದ್ದಳು.

ನೋವಿಗೆ ಏನೆಲ್ಲ ಮಾಡಿಸಿದ್ದಳೋ. ಹಲ್ಲಿನ ಹುಳ ತೆಗೆಯುವ ಹೆಂಗಸೊಬ್ಬಳು ಸಂತೆಗೆ ಬರುತ್ತಿದ್ದಳು. ಕಾಸಿದ ಕಬ್ಬಿಣದ ಮೇಲೆ ಗುಳ್ಳದ ಬೀಜ ಉದುರಿಸಿ, ಅದರ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಬಿಟ್ಟು, ಆಮೇಲೆ ತಟ್ಟೆಯ ನೀರಿನಲ್ಲಿ ಬೆಳ್ಳನೆಯ ಹುಳ ತೋರಿಸುತ್ತಿದ್ದಳು. ಅತ್ತೆಯ ಒಂದು ಹಲ್ಲಿನಿಂದ ಆಕೆ ತೆಗೆದ ಹುಳಗಳಿಂದ ಒಂದು ಕೋಳಿ ಸಾಕಬಹುದಿತ್ತು. ಅವು ಬೀಜದ ಮೊಳಕೆಗಳು ಎಂದು ಬೆಕ್ಕಿಗೂ ಗೊತ್ತಾಗುವಂತಿತ್ತು. ಆದರೆ ಅತ್ತೆ ನೋಡಿ ತೃಪ್ತಿಪಡುತ್ತಿದ್ದಳು, ಎರಡು ದಿನ ನೋವೂ ಕಡಿಮೆಯಾಗುತ್ತಿತ್ತು.

ಇನ್ನು ನಿಮ್ಮ ಅಜ್ಜ. ಕೊಪ್ಪಳದಲ್ಲಿ ಒಬ್ಬ ಡಾಕ್ಟರ ಸಾಹೇಬರು ಸ್ವಂತ ದವಾಖಾನೆ ಇಟ್ಟಿದ್ದರು; ಅಲ್ಲಿ ಇವರು ಕಂಪೌಂಡರ್. ಸಾಹೇಬರಿಗೆ ಉರ್ದು, ತೆಲುಗು ಎರಡೂ ಚೆನ್ನಾಗಿ ಬರುತ್ತಿದ್ದವು. ಕನ್ನಡದಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ ಮಾತು: "ಬಾಯಿ ತೆಗಿ" ಮತ್ತು "ಆತು, ಹೋಗು". ಹಲ್ಲಿನ ಮಟ್ಟಿಗೆ ಅಷ್ಟು ಸಾಕಾಗುತ್ತಿತ್ತು, ಯಾಕೆಂದರೆ ಆ ಎರಡು ಮಾತುಗಳ ನಡುವೆ ಅವರು ಹಲ್ಲು ಕೀಳುತ್ತಿದ್ದರು.

ಒಂದು ಸಲ ಸಾಹೇಬರು ಹೈದರಾಬಾದಿನಿಂದ ಬರುವಾಗ ಹಲ್ಲಿನ ಸಿಮೆಂಟು ತಂದರು. ಒಂದು ಡಬ್ಬಿಯಲ್ಲಿ ಬಿಳಿಯ ಝಿಂಕ್ ಪುಡಿ, ಒಂದು ಸೀಸೆಯಲ್ಲಿ ಲವಂಗದ ಎಣ್ಣೆ. ಎರಡನ್ನೂ ಕಲಸಿದರೆ ಗಟ್ಟಿ ಕಣಕದ ಹಾಗೆ ಆಗುತ್ತದೆ, ತೂತಿನಲ್ಲಿ ತುಂಬಿದರೆ ಗಟ್ಟಿಯಾಗಿ ಕೂಡುತ್ತದೆ. ಸಾಹೇಬರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಡಬ್ಬಿಯನ್ನು ನಿಮ್ಮ ಅಜ್ಜನ ಕೈಗೆ ಕೊಟ್ಟರು. ಇವರು ಅದರಲ್ಲಿ ಒಂದಿಷ್ಟನ್ನು ಕೇಳಿಯೇ ಮನೆಗೆ ತಂದರು. ಅವ್ವನ ಹಲ್ಲು ಉಳಿಸುತ್ತೇನೆಂದು ಸಾಹೇಬರ ಮುಂದೆ ಎದೆ ತಟ್ಟಿಕೊಂಡರಂತೆ. ಕಲಸಲು ಗಾಜಿನ ತುಂಡು ಬೇಕು ಎಂದರು. ಮನೆಯಲ್ಲಿ ಗಾಜು ಎಲ್ಲಿಯದು? ನನ್ನ ಟ್ರಂಕಿನಲ್ಲಿ ತವರಿನಿಂದ ತಂದ, ಅಕ್ಷರ ತಿದ್ದಿದ ಸಾಲೆಯ ಕಲ್ಲಿನ ಪಾಟಿ ಇತ್ತು. ಅದನ್ನು ತೆಗೆದು ಸುಮ್ಮನೆ ಅವರ ಮುಂದೆ ಇಟ್ಟೆ. ಹೀಗೆ ನನ್ನ ವಿದ್ಯೆ ಅತ್ತೆಯ ಬಾಯಿಗೆ ಉಪಯೋಗವಾಯಿತು.

ಮೊದಲನೆಯ ಸಿಮೆಂಟು ಇಪ್ಪತ್ತು ದಿನ ನಿಂತು, ಒಣಗಿದ ಕಟಕು ರೊಟ್ಟಿಯ ಜೊತೆ ಹೊಟ್ಟೆಗೆ ಹೋಯಿತು. ಎರಡನೆಯದು ಹಸಿ ಉಳ್ಳಾಗಡ್ಡಿ ಕಡಿಯುವಾಗ ಬಿತ್ತು. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟುತ್ತಾರೆ, ಅದಕ್ಕೆ ಗುಡ್ಡದಷ್ಟು ಸಿಮೆಂಟು ಬೇಕಾಗುತ್ತದೆ ಎಂಬ ಮಾತು ಆಗ ಊರಲ್ಲೆಲ್ಲ ಹಬ್ಬಿತ್ತು. ಅತ್ತೆ ಬಾಯೊಳಗಿನ ಚೂರನ್ನು ಅಂಗೈಗೆ ಉಗುಳಿ ಮಗನಿಗೆ ತೋರಿಸಿದಳು. "ಹೊಳಿಗೆ ಹಾಕೂದೂ ಸಿಮೆಂಟ, ನನ್ನ ಹಲ್ಲಿಗೆ ಹಾಕೂದೂ ಸಿಮೆಂಟ. ಆ ಕಟ್ಟಿ ಕಟ್ಟಾಕ ನಿನ್ನ ಕರದಿಲ್ಲಲ್ಲ, ಹೊಳಿದಂಡಿ ಮಂದಿ ಪುಣ್ಯಾ ಮಾಡ್ಯಾರ" ಎಂದಳು.

ಇವರು ಪುಡಿ ಹೆಚ್ಚು ಹಾಕಿ ಮೂರನೆಯ ಸಲ ಇನ್ನೂ ಗಟ್ಟಿ ಮಾಡಿದರು. ಅದು ಎರಡು ತಿಂಗಳು ಬೀಳಲೇ ಇಲ್ಲ. ಆದರೆ ನೋವು ಹೆಚ್ಚಾಗುತ್ತಲೇ ಹೋಯಿತು. ಕೊನೆಗೆ ಕೊಕ್ಕೆಯಿಂದ ಕಿತ್ತು ನೋಡಿದರೆ ಅಡಿಯಲ್ಲಿ ತೂತು ದೊಡ್ಡದಾಗಿತ್ತು, ಸತ್ತ ಇಲಿಯ ವಾಸನೆ ಬೇರೆ. ಇವರು ಮೋರೆ ಸಣ್ಣದು ಮಾಡಿಕೊಂಡು ಕೂತರು. ಅತ್ತೆಗೆ ಮಾತ್ರ ಅರ್ಥವಾಗದ್ದೇನೂ ಉಳಿಯಲಿಲ್ಲ. "ಕಳ್ಳನ್ನ ಒಳಗಿಟ್ಟು ಹೊರಗಿಂದ ಕದಾ ಹಾಕ್ಯಾನ ನನ್ನ ಮಗ" ಎಂದು ನನಗೆ ಹೇಳಿದಳು.

ಈ ಮಾತನ್ನು ಇವರು ಸಾಹೇಬರಿಗೆ ಹೇಳಿದರೆ ಅವರು ನಕ್ಕರಂತೆ. ಮುದುಕಿ ಹೇಳಿದ್ದು ನಿಜ, ಕಣ್ಣಿಗೆ ಕಾಣದ ಜಂತುಗಳು ಹಲ್ಲಿನಲ್ಲಿ ಇರುತ್ತವೆ, ಪೂರಾ ಕೆರೆದು ತೆಗೆಯದೆ ಮುಚ್ಚಿದರೆ ಒಳಗೇ ತಿನ್ನುತ್ತ ಕೂಡುತ್ತವೆ, ಲವಂಗದ ಎಣ್ಣೆ ಸ್ವಲ್ಪ ಕೊಲ್ಲುತ್ತದೆ, ಆ ಹಲ್ಲಿಗೆ ಅದು ಸಾಲದು, ನಾಳೆ ಕರೆದುಕೊಂಡು ಬಾ, ಕಿತ್ತುಬಿಡೋಣ ಎಂದರಂತೆ. ಕೀಳುವ ಮಾತನ್ನು ಇವರು ಮನೆಯಲ್ಲಿ ಹೇಳಲಿಲ್ಲ, ಜಂತುಗಳ ಮಾತನ್ನಷ್ಟೇ ಹೇಳಿದರು. ಹುಳ ಇವೆ ಎಂದು ತಾನು ಮೊದಲಿನಿಂದಲೂ ಹೇಳುತ್ತಿದ್ದೆ, ಸಂತೆಯ ಹೆಂಗಸಿಗೆ ಗೊತ್ತಿದ್ದದ್ದು ಹೈದರಾಬಾದಿಗೆ ಈಗ ಗೊತ್ತಾಗಿದೆ ಎಂದು ಅತ್ತೆ ಬೀಗಿದಳು.

ಹಾಗಾದರೆ ಸಿಮೆಂಟಿನಲ್ಲೇ ಜಂತು ಸಾಯುವಂಥದ್ದೇನಾದರೂ ಬೆರೆಸಬೇಕು. ಏನು ಬೆರೆಸುವುದು? ಇವರು ಕರ್ಪೂರ ಅಂದರು, ಅಜವಾನದ ಹೂ ಅಂದರು, ಬೇವಿನ ಎಣ್ಣೆ ಅಂದರು. ನನಗೆ ಉತ್ತರ ಗೊತ್ತಿತ್ತು. ಹೇಳುವುದು ಹೇಗೆ ಎಂಬುದೇ ಪಂಚಾಯಿತಿ.

ಇದನ್ನು ನೀವು ನಂಬುವುದಿಲ್ಲ. ಆಗ ಹೊಸ ಸೊಸೆ ಅತ್ತೆಯ ಎದುರಿನಲ್ಲಿ ಗಂಡನ ಜೊತೆ ಮಾತಾಡುವಂತಿರಲಿಲ್ಲ. ಒಂದೂವರೆ ಖೋಲಿಯ ಮನೆಯಲ್ಲಿ ಅತ್ತೆ ಎದುರಿಗಿಲ್ಲದ ಜಾಗವೇ ಇಲ್ಲ. ಹಾಗಾಗಿ ನಾನು ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದೆ. ಜೋಳ ಮುಗಿದಿದೆ ಎಂದು ಬೆಕ್ಕಿಗೆ ಹೇಳಿದರೆ ಸಂಜೆ ಜೋಳ ಬರುತ್ತಿತ್ತು. ಒಳ್ಳೆಯ ಬೆಕ್ಕು, ಅದರ ಮೂಲಕ ನಡೆದ ಸಂಸಾರ ನಮ್ಮದು.

ಅವತ್ತು ಬೆಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದೆ: "ನಮ್ಮ ಸಾಲ್ಯಾಗ ಮಾಸ್ತರು ಪುಸ್ತಕಕ್ಕ ರಟ್ಟು ಹಚ್ಚಾಕ ಹಿಟ್ಟಿನ ಅಂಟು ಕಾಸತಿದ್ರು. ಬರೇ ಅಂಟು ಮೂರ ದಿನಕ್ಕ ಬೂಸು ಹಿಡದು ನಾರತಿತ್ತು. ಒಂದ ಚಿಟಿಕಿ ಮೈಲುತುತ್ತ ಹಾಕಿದ್ದು ವರ್ಷ ಆದರೂ ಕೆಡತಿದ್ದಿಲ್ಲ, ಹುಳಾನೂ ಮುಟ್ಟತಿದ್ದಿಲ್ಲ."

ಇವರು ಬೆಕ್ಕಿನ ಕಡೆ ನೋಡಿ ನಕ್ಕರು. "ನಿನಗ ಯಾರು ಹೇಳಿದ್ರು, ನಮ್ಮವ್ವನ ಹಲ್ಲು ಪುಸ್ತಕ ಅಂತ?"

ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಬೆಕ್ಕಿಗೆ ಇರೂವಷ್ಟು ಬುದ್ಧಿ ಕಂಪೌಂಡರಗ ಇಲ್ಲ" ಎಂದಳು. ಆಮೇಲೆ ಬೆಕ್ಕಿನ ಕಡೆಗೆ ತಿರುಗಿ, "ಮತ್ತೇನೇನು ಕಲಿಸ್ಯಾರವ್ವಾ ನಿನ್ನ ಸಾಲ್ಯಾಗ?" ಎಂದು ಕೇಳಿದಳು. ಅವಳು ನನ್ನ ಕಲಿಕೆಯ ಬಗ್ಗೆ ಕೇಳಿದ್ದು ಅದೇ ಮೊದಲು.

ಮೈಲುತುತ್ತ ನಿಮಗೆ ಗೊತ್ತಿರಲಿಕ್ಕಿಲ್ಲ. ನವಿಲಿನ ಕತ್ತಿನ ಬಣ್ಣದ ಹರಳು, ತಾಮ್ರದಿಂದ ಆಗುವಂಥದ್ದು. ಕಣ್ಣುರೆಪ್ಪೆಯ ಒಳಗೆ ಹರಳೆದ್ದವರಿಗೆ ತಿಕ್ಕಲು ದವಾಖಾನೆಯಲ್ಲಿ ಇರುತ್ತಿತ್ತು. ಅದು ವಿಷ, ಮುಟ್ಟಲು ಹೋಗಬೇಡಿರಿ. ನಾವು ಮುಟ್ಟಿದ್ದು ಬುದ್ಧಿ ಇದ್ದು ಅಲ್ಲ.

ಇವರು ಮೊದಲು ಪರೀಕ್ಷೆ ಮಾಡಿದರು. ಎರಡು ಡಬ್ಬಿ ಮುಚ್ಚಳದಲ್ಲಿ ಜೋಳದ ಅಂಬಲಿಯ ಗಸಿ ಹಾಕಿ, ಒಂದಕ್ಕೆ ಮಾತ್ರ ಮೈಲುತುತ್ತ ಬೆರೆಸಿ ಗೋಡೆಯ ಮಾಡದಲ್ಲಿ ಇಟ್ಟರು. ಶ್ರಾವಣದ ಜಿಟಿಜಿಟಿ ಮಳೆ. ನಾಲ್ಕನೆಯ ದಿನಕ್ಕೆ ಬರಿಯ ಗಸಿಗೆ ಮಠದ ಅಯ್ಯನವರ ಹಾಗೆ ಗಡ್ಡ ಬಂತು. ಇನ್ನೊಂದು ಹಾಗೇ ಇತ್ತು, ಬಣ್ಣ ಮಾತ್ರ ನೀಲಿ.

ನೀಲಿಯೇ ತೊಂದರೆ. ಮುಂದಿನ ಹಲ್ಲು ನೀಲಿಯಾದರೆ ಹೇಗೆ? ಇಟಗಿಯಲ್ಲಿ ನಾಟಿ ಔಷಧ ಕೊಡುವ ಒಬ್ಬರು ಮೈಲುತುತ್ತವನ್ನು ಹುರಿದು ಶುದ್ಧ ಮಾಡುತ್ತಾರೆಂದು ಇವರು ಎಂದೋ ಕೇಳಿದ್ದರು. ಒಡೆದ ಗಡಿಗೆಯ ಬೋಕಿಯನ್ನು ಒಲೆಯ ಮೇಲಿಟ್ಟು ಹುರಿದೆವು. ಏನು ಹೇಳಲಿ, ನಮ್ಮ ಕಣ್ಣೆದುರೇ ನೀಲಿ ಹೋಗಿ ಹರಳು ಬೂದಿಯಂತೆ ಬೆಳ್ಳಗಾಯಿತು. ಇವರು ನನ್ನ ಕಡೆ ನೋಡಿ ನಕ್ಕರು, ನೇರವಾಗಿ ನನ್ನ ಕಡೆಗೇ, ಬೆಕ್ಕನ್ನು ಬಿಟ್ಟು. ಹಲ್ಲೂ ಬಿಳಿ, ಮದ್ದೂ ಬಿಳಿ, ಇನ್ನೇನು ಬೇಕು.

ಮರುದಿನ ಬೆಳಗ್ಗೆ ಅಂಗಳ ಗುಡಿಸುವಾಗ ಆ ಬೋಕಿ ಕಂಡಿತು. ರಾತ್ರಿಯ ಹನಿ ಬಿದ್ದು, ಅದಕ್ಕೆ ಅಂಟಿದ್ದ ಪುಡಿ ಮತ್ತೆ ಅಚ್ಚ ನೀಲಿಯಾಗಿತ್ತು. ನೀರು ತಾಗಿದರೆ ಬಣ್ಣ ತಿರುಗಿ ಬರುತ್ತದೆ. ಬಾಯಲ್ಲಾದರೋ ಯಾವಾಗಲೂ ನೀರು. ಇಷ್ಟು ನನಗೆ ಆ ಕ್ಷಣಕ್ಕೇ ಹೊಳೆಯಿತು. ಹೇಳಬೇಕೆಂದು ಒಳಗೆ ಹೋದೆ. ಬೆಕ್ಕು ಮನೆಯಲ್ಲಿರಲಿಲ್ಲ.

ನಗಬೇಡಿರಿ. ಬೆಕ್ಕಿಲ್ಲದೆ ಮಾತಾಡುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಇವರು ಪಾಟಿಯ ಮೇಲೆ ಕಲಸಿಯೇ ಬಿಟ್ಟಿದ್ದರು.

ಮೊದಲ ಸಲ ಮದ್ದು ಬಹಳವಾಯಿತು. ತುಂಬಿ ಅರ್ಧ ತಾಸು ಆಗುವುದರೊಳಗೆ ಅತ್ತೆ ಹಿತ್ತಲಿಗೆ ಓಡಿದಳು. ಹಿಂದಿನ ದಿನದ ಊಟವನ್ನೂ, ಅದರ ಹಿಂದಿನ ದಿನದ್ದನ್ನೂ ಕಕ್ಕಿದಳು. ನಡುನಡುವೆ ಉಸಿರು ಸಿಕ್ಕಾಗಲೆಲ್ಲ ಮಗನಿಗೆ ಬೈದಳು. ಹೆತ್ತ ಕರುಳಿಗೆ ವಿಷ ಇಟ್ಟವನು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಮೆತ್ತಗಿನ ಬೈಗಳು. ಸಂಜೆಗೆ ಎದ್ದು ಕೂತು ಮಜ್ಜಿಗೆ ಕುಡಿದು, ಕೆನ್ನೆ ಒತ್ತಿ ನೋಡಿಕೊಂಡಳು. ನೋವು ಇರಲಿಲ್ಲ. ಜಂತುಗಳೂ ವಾಂತಿ ಮಾಡಿಕೊಂಡು ಸತ್ತಿರಬೇಕು ಎಂದಳು. ಮರುದಿನ ತಾನಾಗಿಯೇ ಬಾಯಿ ತೆರೆದು ಕೂತಳು. "ಈ ಸಲ ಸಾಸಿವಿಕಾಳಿನಷ್ಟ ಹಾಕು. ಹಲ್ಲು ಉಳೀಬೇಕು, ಹಂಗ ನಾನೂ ಉಳೀಬೇಕು."

ಸಾಸಿವೆಕಾಳಿನಷ್ಟೇ ಹಾಕಿದ ಆ ಸಿಮೆಂಟು ನಿಂತಿತು. ಎಂಟು ದಿನವಾಯಿತು, ತಿಂಗಳಾಯಿತು. ಅತ್ತೆ ಕಟಕು ರೊಟ್ಟಿ ತಿಂದಳು, ಹುರಿಗಡಲೆ ತಿಂದಳು, ದಾರ ಕಡಿಯುವಾಗ ಮೊದಲಿನ ಹಾಗೆ ಕಟ್ಟೆಂದು ಸದ್ದು ಬರತೊಡಗಿತು. ಆ ಸದ್ದು ಕೇಳಿದಾಗಲೆಲ್ಲ ನಿಮ್ಮ ಅಜ್ಜ ಮೀಸೆಯ ಮೇಲೆ ಕೈ ಆಡಿಸುತ್ತಿದ್ದರು. ಮೀಸೆ ಅಷ್ಟೇನೂ ಇರಲಿಲ್ಲ.

ಹಲ್ಲು ಮಾತ್ರ ಮೂರನೆಯ ದಿನಕ್ಕೆ ಮಾಸಲು ನೀಲಿಯಾಯಿತು. ಹತ್ತನೆಯ ದಿನಕ್ಕೆ ಹಸಿರು. ತಿಂಗಳು ತುಂಬುವುದರೊಳಗೆ ಮಿರಿಮಿರಿ ಕಪ್ಪು. ನಾವಿಬ್ಬರೂ ನೋಡಿದೆವು, ಇಬ್ಬರೂ ಸುಮ್ಮನಿದ್ದೆವು. ಗಂಡ ಸತ್ತವಳು ಕನ್ನಡಿ ನೋಡಬಾರದೆಂದು ಅತ್ತೆ ಇಪ್ಪತ್ತು ವರ್ಷದಿಂದ ಕನ್ನಡಿ ನೋಡಿರಲಿಲ್ಲ. ಆ ಕೆಟ್ಟ ಕಟ್ಟಳೆಯಿಂದ ನಮಗೆ ಅಷ್ಟು ದಿನ ಉಪಕಾರವಾಯಿತು.

ಕಪ್ಪಾದರೆ ಏನು ಮಹಾ ಎಂದು ನೀವು ಕೇಳಬಹುದು. ಆಗ ನಮ್ಮ ಕಡೆ ಮುತ್ತೈದೆಯರು ಕೆಲವರು ಹಲ್ಲಿಗೆ ಮಿಸ್ಸಿ ಎಂಬ ಕಪ್ಪು ಪುಡಿ ತಿಕ್ಕಿಕೊಳ್ಳುತ್ತಿದ್ದರು. ಕುಂಕುಮದ ಹಾಗೆ, ಬಳೆಯ ಹಾಗೆ, ಅದೂ ಗಂಡ ಇದ್ದವಳ ಸಿಂಗಾರ. ಗಂಡ ಸತ್ತ ದಿನ ಅದನ್ನೂ ಬಿಡಬೇಕು. ಈಗ ನೋಡಿರಿ, ಹಣೆ ಬರಿದು, ಕೈ ಬರಿದು, ನಕ್ಕರೆ ಮಾತ್ರ ಹೊಸ ಮದುಮಗಳ ಹಲ್ಲು.

ಬಾವಿಕಟ್ಟೆಯಲ್ಲಿ ನೆರೆಮನೆಯವಳು ಬಾಯಿ ಬಿಟ್ಟಳು. "ಯಾರ ಸಲುವಾಗಿ ಬೇ ಮಿಸ್ಸಿ ಹಚ್ಚೀದಿ, ಈ ವಯಸ್ಸಿನ್ಯಾಗ?"

ಅತ್ತೆ ಕೊಡ ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ನಿಮ್ಮ ಅಜ್ಜ ಗಡ್ಡ ಮಾಡಿಕೊಳ್ಳುವ ಕನ್ನಡಿಯ ಚೂರನ್ನು ಗೋಡೆಯಿಂದ ತೆಗೆದು ನೋಡಿಕೊಂಡಳು. ಹಲ್ಲಿಗಿಂತ ಮೊದಲು ಮೋರೆಯನ್ನು ನೋಡಿಕೊಂಡಳು, ಬಹಳ ಹೊತ್ತು. ಆಮೇಲೆ ತುಟಿ ಎತ್ತಿ ಹಲ್ಲು ನೋಡಿದಳು. ಕೆರೆದು ತೆಗೆದರೆ ಏನಾಗುತ್ತದೆ ಎಂದು ಮಗನನ್ನು ಕೇಳಿದಳು. ನೋವು ತಿರುಗಿ ಬರುತ್ತದೆ, ಆಮೇಲೆ ಕೀಳುವುದೊಂದೇ ದಾರಿ ಎಂದು ಇವರು ನೆಲ ನೋಡುತ್ತ ಹೇಳಿದರು. ಅತ್ತೆ ಕನ್ನಡಿಯನ್ನು ಸೆರಗಿನಿಂದ ಒರೆಸಿ ಇದ್ದಲ್ಲಿಯೇ ಇಟ್ಟು, ಕೌದಿ ತೆಗೆದುಕೊಂಡು ಕೂತಳು. ಬೋಕಿ ನೀಲಿಯಾದದ್ದನ್ನು ನೋಡಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಅವತ್ತೂ ಹೇಳಲಿಲ್ಲ. ಬೆಕ್ಕು ಅಲ್ಲೇ ಇತ್ತು, ಆದರೂ ಹೇಳಲಿಲ್ಲ.

ಅವಳು ಹೊಲಿಯುತ್ತಿದ್ದ ಕೌದಿ ಕಾಕಾನ ಮೊಮ್ಮಗನದು. ಕಾಕಾ ಎಂದರೆ ನನ್ನ ಮಾವನ ತಮ್ಮ, ಅತ್ತೆಗೆ ಮೈದುನ. ಎರಡು ಓಣಿ ಆಚೆ ಮನೆ. ಅತ್ತೆ ಮದುವೆಯಾಗಿ ಬಂದಾಗ ಆತ ಚಡ್ಡಿಯೂ ಇಲ್ಲದೆ ತಿರುಗುವ ಹುಡುಗ, ಈಗ ನಮ್ಮ ಬಳಗಕ್ಕೆಲ್ಲ ಹಿರಿಯ. ಆತನ ಮಗಳ ಕೂಸನ್ನು ಇನ್ನು ಮೂರು ದಿನಕ್ಕೆ ತೊಟ್ಟಿಲಿಗೆ ಹಾಕುವುದಿತ್ತು. ಅವತ್ತು ಸಂಜೆ ಆತನೇ ಬಂದ; ಕೌದಿಗೆ ಬಂದಿದ್ದಾನೆ ಅಂದುಕೊಂಡೆವು. ಆತ ಹೊಸ್ತಿಲ ಹತ್ತಿರವೇ ನಿಂತ, ರುಮಾಲು ಸರಿಮಾಡಿಕೊಂಡ, ಗೋಡೆಯ ಕಡೆ ನೋಡುತ್ತ ಮಾತು ಶುರುಮಾಡಿದ.

"ಅತ್ತಿಗೆವ್ವಾ, ನಿನ್ನ ಮ್ಯಾಲೆ ನಮಗೇನೂ ಸಂಶೇ ಇಲ್ಲ. ಆದ್ರ ಮಂದಿ ಬಾಯಿಗೆ ಕೈ ಇಡಾಕ ಬರೂದಿಲ್ಲ. ಆ ಹಲ್ಲೊಂದು ಕಿತ್ತಿಸಿಬಿಡು. ಇಲ್ಲಾಂದ್ರ ಕೌದಿ ನಮಗ ಬ್ಯಾಡ."

"ಮಂದಿ ಬಾಯಿಗೆ ಕೈ ಇಡಾಕ ಬರೂದಿಲ್ಲಂತ ನನ್ನ ಬಾಯಿಗೆ ಕೈ ಹಾಕಾಕ ಬಂದೀಯೇನು?" ಅತ್ತೆ ಹೊಲಿಗೆ ನಿಲ್ಲಿಸಲಿಲ್ಲ. "ನಿನ್ನ ಮಗಳು ಹುಟ್ಟಿದಾಗ ಕೌದಿ ಯಾರು ಹೊಲದ್ರು?"

"ನೀನ."

"ದಾರ ಯಾವ ಹಲ್ಲಿಲೆ ಕಡದಿದ್ದೆ?"

ಅತ್ತೆ ಮೂಗು ಎತ್ತಿ ಗಾಳಿ ಎಳೆದಳು. ಲವಂಗದ ವಾಸನೆ ನನಗೂ ಬಂದಿತ್ತು. ಇವರ ಸೀಸೆಯದು ಅಂದುಕೊಂಡಿದ್ದೆ.

"ಹತ್ರ ಬಾ. ಬಾಯಿ ತೆಗಿ."

ಕಾಕಾ ಒಂದು ಹೆಜ್ಜೆ ಹಿಂದೆ ಸರಿದ.

"ದವಡ್ಯಾಗ ಲವಂಗ ಇಟಗೊಂಡು ಎಷ್ಟ ದಿವಸಾತು?"

"ಎಂಟ ದಿನ" ಎಂದು ಕಾಕಾ ಗೋಡೆಗೆ ಹೇಳಿದ.

"ನೀ ಸಣ್ಣಾವಿದ್ದಾಗ ನಿನ್ನ ಮೂಗು ಒರಸೀನಿ, ಬೆಲ್ಲಾ ಕದ್ದು ತಿಂದಾಗ ಬಾಯಿ ತೊಳದೀನಿ. ಆ ಬೆಲ್ಲಾನ ಈಗ ಹೊರಗ ಬರಾಕತ್ತೈತಿ." ಅತ್ತೆ ಮೊದಲ ಸಲ ತಲೆ ಎತ್ತಿದಳು. "ನಿಂದು ಒಳಗಿನ ಹಲ್ಲು, ಯಾರಿಗೂ ಕಾಣೂದಿಲ್ಲ. ನಂದು ಮುಂದಿಂದು, ಊರಿಗೆಲ್ಲ ಕಾಣತೈತಿ. ಅಷ್ಟ ಫರಕು. ಕಿತ್ತಿಸೂದಾದ್ರ ಇಬ್ಬರೂ ಕೂಡೇ ಹೋಗೂಣು ನಡಿ, ಸಾಹೇಬ್ರು ಕುಂತಾರ."

ಹೀಗೆಂದು ಕೌದಿಯ ಅಂಚಿಗೆ ಕೊನೆಯ ಹೊಲಿಗೆ ಎಳೆದು, ಗಂಟು ಹಾಕಿ, ದಾರವನ್ನು ಆ ಕಪ್ಪು ಹಲ್ಲಿಗೆ ಕೊಟ್ಟಳು. ಕಟ್. ಮಡಿಸಿ ಹೊಸ್ತಿಲ ಮೇಲೆ ಇಟ್ಟಳು. ಬೇಕಾದರೆ ಒಯ್ಯಲಿ, ಬೇಡವಾದರೆ ಬೆಕ್ಕು ಮಲಗುತ್ತದೆ ಎಂದಳು.

ಕಾಕಾ ಕೌದಿ ನೋಡಿದ, ಬೆಕ್ಕು ನೋಡಿದ. ನಿಧಾನಕ್ಕೆ ಹೊಸ್ತಿಲ ಮೇಲೆಯೇ ಕೂತು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಆಮೇಲೆ ನಿಮ್ಮ ಅಜ್ಜನನ್ನು ದನಿ ತಗ್ಗಿಸಿ ಕೇಳಿದ: "ನೋವು ಖರೇನ ನಿಲ್ಲತೈತೇನಪಾ?"

ನಾನು ಪಾಟಿ ತಂದಿಟ್ಟೆ.

ಕೂಸು ಆ ಕೌದಿಯ ಮೇಲೆಯೇ ತೊಟ್ಟಿಲು ಸೇರಿತು. ಮಂದಿ ಮಾತಾಡುವುದನ್ನು ಬಿಟ್ಟರೆಂದು ತಿಳಿಯಬೇಡಿರಿ. ಬಾವಿಕಟ್ಟೆಯಲ್ಲಿ ಮಿಸ್ಸಿಯ ಮಾತು ಇನ್ನೂ ಒಂದು ವರ್ಷ ನಡೆಯಿತು. ಆದರೆ ಬೈದವರೇ ಹಿತ್ತಲ ಬಾಗಿಲಿನಿಂದ ಬಂದು ದವಡೆ ತೋರಿಸುತ್ತಿದ್ದರು. ನೆರೆಮನೆಯವಳು ತೂತಿಲ್ಲದ ಮುಂದಿನ ಹಲ್ಲುಗಳಿಗೂ ಹಚ್ಚಿಕೊಡಿರಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ ಎಂದು ಕೇಳಿದಳು. ಅತ್ತೆ ಅವಳನ್ನು ಓಡಿಸಿದ ರೀತಿಯನ್ನು ಬರೆದರೆ ನಿಮ್ಮ ಅಪ್ಪಂದಿರು ಈ ಹಾಳೆ ಹರಿಯುತ್ತಾರೆ.

ಸಾಹೇಬರಿಗೆ ವಿಷಯ ತಿಳಿದದ್ದು ಕಾಕಾನ ಬಾಯಿಯಿಂದಲೇ. ಅತ್ತೆಯನ್ನು ಕರೆಸಿ, ಹಲ್ಲನ್ನು ಕೊಕ್ಕೆಯಿಂದ ತಟ್ಟಿ ನೋಡಿ, "ಆತು, ಹೋಗು" ಎಂದರು. ನಿಮ್ಮ ಅಜ್ಜನಿಗೆ ಮಾತ್ರ ಉರ್ದುವಿನಲ್ಲಿ ಮೊದಲು ಬೈದರು. ಸ್ವಲ್ಪ ಹೆಚ್ಚಾಗಿದ್ದರೆ ಮುದುಕಿಯ ಹೆಣ ಹೊರಬೇಕಾಗುತ್ತಿತ್ತು ಎಂದರು. ಆಮೇಲೆ, ತಾಮ್ರ ಬೆರೆಸಿದ ಕಪ್ಪು ಸಿಮೆಂಟು ವಿಲಾಯತಿಯಲ್ಲಿ ಬಹಳ ಹಿಂದಿನಿಂದಲೇ ಇದೆ, ಡಬ್ಬಿಯಲ್ಲಿ ಮಾರುತ್ತಾರೆ, ಕಪ್ಪಾಗುತ್ತದೆಂದು ಮುಂದಿನ ಹಲ್ಲಿಗೆ ಹಾಕುವುದಿಲ್ಲ ಎಂದೂ ಹೇಳಿದರು. ಜಗತ್ತಿನಲ್ಲೇ ತಾನೊಬ್ಬನೇ ಕಂಡುಹಿಡಿದದ್ದು ಅಂದುಕೊಂಡಿದ್ದ ನಿಮ್ಮ ಅಜ್ಜ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಂಡುಹಿಡಿದದ್ದು ಬೆಕ್ಕು, ನೀನಲ್ಲ, ಉಣ್ಣು ಎಂದು ಅತ್ತೆ ಸಮಾಧಾನ ಮಾಡಿದಳು. ಮುಂದೆ ಸಾಹೇಬರು ಆ ವಿಲಾಯತಿ ಡಬ್ಬಿಯನ್ನೇ ತರಿಸಿಕೊಟ್ಟರು. ಹುರಿಯುವ ಬೋಕಿ ತಿಪ್ಪೆ ಸೇರಿತು.

ಅತ್ತೆಯ ಉಳಿದ ಹಲ್ಲೆಲ್ಲ ಒಂದೊಂದೇ ಹೋದವು, ಅದರ ಕೆಳಗಿನ ಜೋಡಿ ಹಲ್ಲೂ ಹೋಯಿತು. ಆ ಕಪ್ಪು ಹಲ್ಲು ಮಾತ್ರ ಅವಳ ಜೊತೆಗೇ ಮಣ್ಣಿಗೆ ಹೋಯಿತು. ದಾರ ಕಡಿಯಲಾಗದ ದಿನ ಅವಳು ಸೂಜಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ನನ್ನ ಹಲ್ಲಿಗೂ ತೂತು ಬಿದ್ದಿದ್ದನ್ನು ಅವಳೇ ಮೊದಲು ಕಂಡದ್ದು. ಕೋರೆಹಲ್ಲು, ಮಾತಾಡಿದರೆ ಕಾಣುವುದಿಲ್ಲ, ನಕ್ಕರೆ ಕಾಣುತ್ತದೆ. "ಇಕಿಗೂ ಕರೇದ ತುಂಬು, ದಾರ ಕಡೀಬೇಕು ಇನ್ನ" ಎಂದು ಮಗನಿಗೆ ಹೇಳಿದಳು. ಅವತ್ತು ಬಾಯಿ ತೆರೆದುಕೊಂಡೇ ಬೋಕಿಯ ಸಂಗತಿಯನ್ನು ಅತ್ತೆಗೆ ಹೇಳಿದೆ, ಬೆಕ್ಕಿಲ್ಲದೆ. ಬಾಯಲ್ಲಿ ಹತ್ತಿ ಇದ್ದದ್ದರಿಂದ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವಳು, ಗೊತ್ತಿತ್ತು, ತಾನೂ ಅವತ್ತು ಅಂಗಳದಲ್ಲಿ ಅದನ್ನು ನೋಡಿದ್ದೆ ಎಂದಳು. ನೋಡಿಯೂ ಮದ್ದು ತುಂಬಿಸಿಕೊಳ್ಳಲು ಯಾಕೆ ಬಾಯಿ ತೆರೆದಳೆಂದು ನಾನು ಕೇಳಲಿಲ್ಲ. ನೋವಿದ್ದವಳಿಗೆ ಬಣ್ಣ ಕಾಣುವುದಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬಳೆ ಒಡೆಯಲು ಹೆಂಗಸರು ಬಂದರು. ಒಡೆದರು, ಕುಂಕುಮ ಒರೆಸಿದರು. ಅಳುವಾಗ ನನ್ನ ಬಾಯಿ ತೆರೆದಿತ್ತು. ಅವರಲ್ಲೊಬ್ಬಳು ನನ್ನ ಕೋರೆಹಲ್ಲನ್ನು ನೋಡಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಈ ಮಿಸ್ಸಿಯನ್ನೂ ಬಿಡಿಸಬೇಕಲ್ಲ ಎಂದು ಪಿಸುಗುಟ್ಟಿದಳು. ಕಾಕಾ ಆಗ ಬಹಳ ಮುದುಕನಾಗಿದ್ದ, ಗೋಡೆಗೆ ಒರಗಿ ಕೂತಿದ್ದ, ಕಿವಿ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಇದು ಮಾತ್ರ ಹೇಗೆ ಕೇಳಿಸಿತೋ. ಬೆರಳಿನಿಂದ ತನ್ನ ಕೆನ್ನೆ ಎಳೆದು ದವಡೆಯ ಕಪ್ಪನ್ನು ಎಲ್ಲರಿಗೂ ತೋರಿಸಿದ.

"ಅದು ಔಷಧ" ಎಂದ. "ಯಾರೂ ಮುಟ್ಟಬ್ಯಾಡ್ರಿ."

ಯಾರೂ ಮುಟ್ಟಲಿಲ್ಲ. ಇದನ್ನು ತೆಗೆಸಿ ಬಿಳಿಯದು ಹಾಕಿಸೋಣ, ಗಂಗಾವತಿಯಲ್ಲಿ ಒಳ್ಳೆಯ ಹಲ್ಲಿನ ಡಾಕ್ಟರಿದ್ದಾರೆ ಎಂದು ನಿಮ್ಮಲ್ಲಿ ದೊಡ್ಡವನು ಹೇಳುತ್ತಲೇ ಇದ್ದಾನೆ. ಬೇಡ. ಸಣ್ಣವಳಿಗೆ ಹೇಳಿರಿ, ಅವಳು ಈಗಲೂ ಕಾಲಿನ ಬೆರಳಿಗೆ ಸುತ್ತಿಕೊಂಡು ಮಲಗುವ ಆ ಹಸಿರು ಅಂಚಿನ ಕೌದಿಯ ದಾರ ಕಡಿದದ್ದು ಇದೇ ಡಾಂಬರು ಹಲ್ಲು.